ಯಿನ್ ಯೋಗ: ಮೊದಲು ದಿಂಬು, ಆಮೇಲೆ ಭಂಗಿ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಈಚೆಗೆ ಯಿನ್ ಯೋಗದ, ಎಂದರೆ ಒಂದೇ ಭಂಗಿಯಲ್ಲಿ ಕೆಲವು ನಿಮಿಷ ಅಲುಗಾಡದೆ ಇರುವ ಅಭ್ಯಾಸದ ಬಗ್ಗೆ ಅರ್ಧ ಪುಟದ ಬರಹವೊಂದು ಪ್ರಕಟವಾಗಿತ್ತು. ಬರಹ ಚೆನ್ನಾಗಿಯೇ ಇತ್ತು. ಅವಸರದ ಬದುಕಿಗೆ ನಿಧಾನದ ಅಭ್ಯಾಸವೊಂದು ಬೇಕೆಂಬ ಅದರ ಮಾತಿಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಅದರ ಒಂದು ವಾಕ್ಯಕ್ಕೆ ಮತ್ತು ಒಂದು ಚಿತ್ರಕ್ಕೆ. ಇದು ಬಹಳ ಸುಲಭ, ಯಾರು ಬೇಕಾದರೂ ಯಾವ ವಯಸ್ಸಿನಲ್ಲಾದರೂ ಮನೆಯಲ್ಲೇ ಮಾಡಿಕೊಳ್ಳಬಹುದು ಎಂಬುದು ಆ ವಾಕ್ಯ. ಕಾಲು ನೀಡಿ ಕುಳಿತ ಎಳೆವಯಸ್ಸಿನ ಹೆಣ್ಣುಮಗಳೊಬ್ಬಳು ಮುಂದಕ್ಕೆ ಬಾಗಿ, ಹಣೆಯನ್ನು ಮಂಡಿಗೂ ಆಚೆ ಮುಂಗಾಲಿನ ಮೇಲೆ ಊರಿ, ಕಣ್ಣು ಮುಚ್ಚಿ ನಸುನಗುತ್ತಿದ್ದುದು ಆ ಚಿತ್ರ. ಮರುದಿನ ಬೆಳಿಗ್ಗೆ ನಮ್ಮ ಅಭ್ಯಾಸದ ಗುಂಪಿನ ಇಬ್ಬರು ಆ ಪುಟವನ್ನು ನಾಲ್ಕಾಗಿ ಮಡಿಚಿಕೊಂಡು ಬಂದು, "ಮೇಡಂ, ಇನ್ನು ಮೇಲೆ ಇದನ್ನೇ ಮಾಡಿಸಿ, ಬೆವರೂ ಬರೋದಿಲ್ವಂತೆ" ಎಂದರು. ಅವರಲ್ಲಿ ಒಬ್ಬರಿಗೆ ಅರವತ್ತಮೂರು ವರ್ಷ. ಮೂಳೆ ಟೊಳ್ಳಾಗುತ್ತಿದೆಯೆಂದು ವೈದ್ಯರು ಮಾತ್ರೆ ಬರೆದುಕೊಟ್ಟಿದ್ದಾರೆ. ಇನ್ನೊಬ್ಬರಿಗೆ ಸೊಂಟದಿಂದ ಹಿಮ್ಮಡಿಯವರೆಗೆ ಎಳೆಯುವ ಸಯಾಟಿಕಾ ನೋವು ಐದು ವರ್ಷದಿಂದ ಇದೆ. ಮಾಡಬಾರದ ಭಂಗಿ ಯಾವುದೆಂದು ಇವರಿಬ್ಬರೂ ನನ್ನನ್ನು ಕೇಳಿದ್ದರೆ ನಾನು ಮೊದಲು ತೋರಿಸುತ್ತಿದ್ದುದು ಅದೇ ಚಿತ್ರವನ್ನು. ಈ ಕಾರಣಕ್ಕಾಗಿ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಸ್ಥಳಾಭಾವವಿದ್ದರೆ ಇತಿಹಾಸದ ಭಾಗವನ್ನು ಕತ್ತರಿಸಿ, ಮಂಡಿಯ ಭಾಗವನ್ನು ಮಾತ್ರ ಉಳಿಸಿಕೊಡಬೇಕೆಂದು ಕೋರುತ್ತೇನೆ.

ನಾನು ವೈದ್ಯೆಯಲ್ಲ. ಹಾಸನದ ಪ್ರೌಢಶಾಲೆಯೊಂದರಲ್ಲಿ ಜೀವವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಯೋಗ ಶಿಕ್ಷಣದ ತರಬೇತಿ ಪಡೆದು, ಕೆಲವು ವರ್ಷಗಳಿಂದ ನಮ್ಮ ಬಡಾವಣೆಯ ಹೆಂಗಸರಿಗೆ, ಈಚೆಗೆ ಅವರ ಹಿಂದೆಯೇ ಬರತೊಡಗಿದ ನಿವೃತ್ತ ಗಂಡಸರಿಗೆ, ಬೆಳಗಿನ ಹೊತ್ತು ಆಸನಗಳನ್ನು ಹೇಳಿಕೊಡುತ್ತಿದ್ದೇನೆ. ಯಿನ್ ಯೋಗವನ್ನೂ ವಾರಕ್ಕೆರಡು ದಿನ ಮಾಡಿಸುತ್ತೇನೆ. ಆದ್ದರಿಂದ ಇದು ಆ ಪದ್ಧತಿಯ ವಿರುದ್ಧದ ಪತ್ರವಲ್ಲ.

ಮೊದಲು ಹೆಸರಿನ ವಿಚಾರ. ಇದು ಋಷಿಗಳ ಕಾಲದಿಂದ ಬಂದದ್ದೆಂದು ಕೆಲವು ಶಿಬಿರಗಳ ಕರಪತ್ರಗಳಲ್ಲಿ ಅಚ್ಚಾಗುತ್ತಿರುವುದನ್ನು ಕಂಡಿದ್ದೇನೆ, ಅದು ಸರಿಯಲ್ಲ. ಯಿನ್ ಮತ್ತು ಯಾಂಗ್ ಚೀನೀ ಚಿಂತನೆಯ ಜೋಡಿ ಪದಗಳು. ಚಲನೆ, ಬಿಸಿ, ಬೆಳಕು ಯಾಂಗ್ ಆದರೆ, ನಿಶ್ಚಲತೆ, ತಂಪು, ನೆರಳು ಯಿನ್. 1970ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ ಪೌಲಿ ಜಿಂಕ್ ಎಂಬ ಸಮರಕಲೆಯ ಶಿಕ್ಷಕರು ಚೀನಾದ ತಾವೋ ಪದ್ಧತಿಯ ಅಭ್ಯಾಸಗಳನ್ನೂ ಹಠಯೋಗದ ಆಸನಗಳನ್ನೂ ಬೆರೆಸಿ ಕಲಿಸತೊಡಗಿದರು. ಅವರಲ್ಲಿ ಕಲಿತ ಪಾಲ್ ಗ್ರಿಲ್ಲಿ ಮತ್ತು ಅನಂತರ ಸಾರಾ ಪವರ್ಸ್ ಅವರಿಂದ ಈಗಿನ ರೂಪವೂ ಹೆಸರೂ ಬಳಕೆಗೆ ಬಂದವು. ಭಂಗಿಗಳು ಮಾತ್ರ ನಮಗೆ ಗುರುತಿನವೇ. ನಮ್ಮ ಬದ್ಧಕೋಣಾಸನ ಅಲ್ಲಿ ಚಿಟ್ಟೆಯಾಗಿದೆ, ಪಶ್ಚಿಮೋತ್ತಾನಾಸನ ಕಂಬಳಿಹುಳುವಾಗಿದೆ, ಸುಪ್ತ ವೀರಾಸನ ಕುದುರೆಯ ಜೀನಾಗಿದೆ, ಏಕಪಾದ ರಾಜಕಪೋತಾಸನದ ಪಾರಿವಾಳ ಮಲಗಿದ ಹಂಸವಾಗಿದೆ. ಈ ಹೆಸರು ಬದಲಾವಣೆ ಬರೀ ಅಲಂಕಾರಕ್ಕಲ್ಲ. ಆಕಾರ ಒಂದೇ ಆದರೂ ಮಾಡುವ ರೀತಿ ಬೇರೆಯೆಂದು ನೆನಪಿಸುವುದಕ್ಕೆ ಬೇರೆ ಹೆಸರಿಟ್ಟಿದ್ದಾರೆ.

ಹಾಸನದವರಿಗೆ ಯೋಗದ ಇತಿಹಾಸದಲ್ಲಿ ಒಂದು ಸಣ್ಣ ಹೆಮ್ಮೆಯ ಪುಟವಿದೆ. 1927ರಲ್ಲಿ ಇಲ್ಲಿನ ಜೂಬಿಲಿ ಹಾಲಿನಲ್ಲಿ ಯೋಗಗುರು ಟಿ. ಕೃಷ್ಣಮಾಚಾರ್ಯರು ನಡೆಸಿದ ಉಪನ್ಯಾಸ ಮತ್ತು ಪ್ರಾತ್ಯಕ್ಷಿಕೆಯನ್ನು ನೋಡಿದ ಹನ್ನೆರಡು ವರ್ಷದ ಹುಡುಗನೊಬ್ಬ ಅವರ ಶಿಷ್ಯನಾದ. ಹಾಸನದ ಹತ್ತಿರದ ಕೌಶಿಕ ಗ್ರಾಮದ ಆ ಹುಡುಗನೇ ಮುಂದೆ ಮೈಸೂರಿನಲ್ಲಿ ಅಷ್ಟಾಂಗ ವಿನ್ಯಾಸ ಪದ್ಧತಿಯನ್ನು ಬೆಳೆಸಿದ ಕೆ. ಪಟ್ಟಾಭಿ ಜೋಯಿಸರು. ಆ ಪದ್ಧತಿ ಬೆವರು ಹರಿಸುವಂಥದು, ಯಿನ್ ಯೋಗಕ್ಕೆ ಪೂರ್ತಿ ಎದುರು ದಿಕ್ಕಿನದು. ಆದರೆ ಅದೇ ಗುರುವಿನ ಇನ್ನೊಬ್ಬ ಶಿಷ್ಯರಾದ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರ ಮಾತು ಇಲ್ಲಿ ಹೆಚ್ಚು ಪ್ರಸ್ತುತ. ಮಲೇರಿಯಾ, ಟೈಫಾಯ್ಡ್, ಕ್ಷಯ ಇವುಗಳಿಂದ ಬಾಲ್ಯದಲ್ಲಿ ನವೆದಿದ್ದ ಅವರು, ಎಲ್ಲ ದೇಹವೂ ಎಲ್ಲ ಆಸನಕ್ಕೂ ತಾನಾಗಿ ಒಗ್ಗುವುದಿಲ್ಲವೆಂಬುದನ್ನು ಅನುಭವದಿಂದ ಬಲ್ಲವರಾಗಿದ್ದರು. ಮರದ ಇಟ್ಟಿಗೆ, ಪಟ್ಟಿ, ಹಗ್ಗ, ಉರುಳು ದಿಂಬು, ಕುರ್ಚಿ ಇವೆಲ್ಲವನ್ನೂ ಆಸನಕ್ಕೆ ಆಧಾರವಾಗಿ ಬಳಸುವುದನ್ನು ಜಗತ್ತಿಗೆ ಕಲಿಸಿದವರು ಅವರೇ. ಇಂದು ಯಿನ್ ತರಗತಿಗಳಲ್ಲಿ ಕಾಣುವ ದಿಂಬುಗಳ ರಾಶಿಯೆಲ್ಲ ಆ ಮನೆಯಿಂದಲೇ ಬಂದದ್ದು. ಹೀಗಿರುವಾಗ, ದಿಂಬು ಬಳಸುವುದನ್ನು ಕೈಲಾಗದವರ ಲಕ್ಷಣವೆಂದು ನಮ್ಮವರೇ ನಾಚಿಕೊಳ್ಳುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ.

ಇನ್ನು ವಿಷಯದ ತಿರುಳಿಗೆ ಬರುತ್ತೇನೆ. ಸಾಮಾನ್ಯ ಆಸನದಲ್ಲಿ ನಾವು ಸ್ನಾಯುಗಳನ್ನು ಬಿಗಿಹಿಡಿದು ದುಡಿಸುತ್ತೇವೆ. ಯಿನ್ ಯೋಗದಲ್ಲಿ ಸ್ನಾಯುಗಳನ್ನು ಆದಷ್ಟೂ ಸಡಿಲಬಿಟ್ಟು, ಒಂದೇ ಭಂಗಿಯಲ್ಲಿ ಮೂರರಿಂದ ಐದು ನಿಮಿಷ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು, ಅಲುಗಾಡದೆ ಇರುತ್ತೇವೆ. ಸ್ನಾಯು ಸಡಿಲವಾದಾಗ ಎಳೆತವು ಅದರಾಚೆಯ, ಮೂಳೆಗೆ ಮೂಳೆಯನ್ನು ಕಟ್ಟಿಹಿಡಿಯುವ ಅಸ್ಥಿರಜ್ಜು, ಕೀಲಿನ ಸುತ್ತಲ ಪೊರೆ, ಸ್ನಾಯುಗಳನ್ನು ಸುತ್ತಿಕೊಂಡಿರುವ ತಂತುಪೊರೆ ಇವುಗಳ ಮೇಲೆ ಬೀಳುತ್ತದೆ. ಇವು ರಬ್ಬರಿನ ಹಾಗೆ ತಟ್ಟನೆ ಹಿಗ್ಗಿ ತಟ್ಟನೆ ಕುಗ್ಗುವ ವಸ್ತುಗಳಲ್ಲ. ನವಾರು ಮಂಚವನ್ನು ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಧಡಕ್ಕನೆ ಕುಳಿತರೆ ನವಾರು ಅಷ್ಟೇನೂ ಜಗ್ಗುವುದಿಲ್ಲ. ಅದೇ ಭಾರ ರಾತ್ರಿಯಿಡೀ ಬಿದ್ದರೆ ಬೆಳಗಿನ ಹೊತ್ತಿಗೆ ಮಂಚ ತೊಟ್ಟಿಲಾಗಿರುತ್ತದೆ, ಎದ್ದ ಮೇಲೆ ನಿಧಾನವಾಗಿ ಒಂದಿಷ್ಟು ಮೇಲೇರುತ್ತದೆ. ಹಗುರವಾದ ಭಾರವನ್ನು ಬಹಳ ಹೊತ್ತು ಇಟ್ಟಾಗ ಆಗುವ ಈ ಜಗ್ಗುವಿಕೆಯೇ ಯಿನ್ ಯೋಗದ ಗುಣ, ಅದರ ಅಪಾಯವೂ ಅಲ್ಲೇ ಇದೆ. ಅಸ್ಥಿರಜ್ಜುಗಳಿಗೆ ಸ್ನಾಯುಗಳಷ್ಟು ರಕ್ತ ಪೂರೈಕೆಯಿಲ್ಲ. ಸ್ನಾಯು ಉಳುಕಿದರೆ ಕೆಲವೇ ದಿನಗಳಲ್ಲಿ ಸರಿಹೋದೀತು. ಕೀಲಿನ ರಜ್ಜು ಹಿಗ್ಗಿ ಸಡಿಲಾದರೆ ತಿಂಗಳುಗಟ್ಟಲೆ ಕಾಯಬೇಕು, ಕೆಲವೊಮ್ಮೆ ಅದು ಮೊದಲಿನಂತೆ ಆಗುವುದೇ ಇಲ್ಲ. ಆದ್ದರಿಂದ ಬೆವರು ಬರುವುದಿಲ್ಲವೆಂಬ ಕಾರಣಕ್ಕೆ ಇದನ್ನು ಹಗುರವೆಂದು ಎಣಿಸಬಾರದು.

ಈ ತಪ್ಪನ್ನು ನಾನೇ ಮಾಡಿದ್ದೇನೆಂಬುದನ್ನು ಹೇಳದೆ ಮುಂದಕ್ಕೆ ಹೋಗುವುದು ಪ್ರಾಮಾಣಿಕತೆಯಲ್ಲ. ಕೆಲವು ವರ್ಷಗಳ ಹಿಂದೆ, ಡಿಸೆಂಬರ್ ತಿಂಗಳಲ್ಲಿ, ಚಿಕ್ಕಮಗಳೂರಿನ ಗಿರಿಯ ತಪ್ಪಲಿನ ತೋಟದ ಮನೆಯೊಂದರಲ್ಲಿ ಏರ್ಪಾಡಾಗಿದ್ದ ಮೂರು ದಿನದ ಶಿಬಿರಕ್ಕೆ ಹೋಗಿದ್ದೆ. ಮಂಜು ಇನ್ನೂ ಕರಗಿರದ ಮುಂಜಾನೆ, ಮೂರು ಕಡೆ ತೆರೆದ ಜಗುಲಿ, ಕೆಂಪು ಗಾರೆಯ ತಣ್ಣನೆ ನೆಲ, ಅದರ ಮೇಲೆ ತೆಳ್ಳನೆಯ ಚಾಪೆ. ಮಲಗಿದ ಹಂಸದ ಭಂಗಿಯಲ್ಲಿ, ಎಂದರೆ ಒಂದು ಕಾಲನ್ನು ಮುಂದೆ ಮಡಿಚಿ ಇನ್ನೊಂದನ್ನು ಹಿಂದಕ್ಕೆ ಚಾಚಿ ಮುಂದಕ್ಕೆ ಒರಗಿದಾಗ, ನನ್ನ ಬಲ ಪೃಷ್ಠ ನೆಲ ಮುಟ್ಟದೆ ನಾಲ್ಕು ಬೆರಳು ಮೇಲೆಯೇ ಉಳಿದಿತ್ತು. ಶಿಕ್ಷಕರು ಬಂದು ಮುಂಗಾಲನ್ನು ಇನ್ನಷ್ಟು ಅಡ್ಡಕ್ಕೆ ಎಳೆದು, ಸೊಂಟವನ್ನು ಎರಡೂ ಕೈಯಿಂದ ಕೆಳಕ್ಕೆ ಒತ್ತಿ, ಉಸಿರು ಬಿಡಿ, ತಾನಾಗಿ ಇಳಿಯುತ್ತದೆ ಎಂದರು. ಮಂಡಿಯ ಒಳಬದಿಯಲ್ಲಿ ಸೂಜಿ ಚುಚ್ಚಿದಂತಾದದ್ದು ನನಗೆ ಚೆನ್ನಾಗಿ ಗೊತ್ತಾಯಿತು. ಆದರೂ ಐದು ನಿಮಿಷ ಕದಲದೆ ಇದ್ದೆ. ಮೂವತ್ತು ವರ್ಷ ಮಕ್ಕಳಿಗೆ ಅಲುಗಾಡಬೇಡಿ ಎಂದು ಗದರಿಸಿದವಳಿಗೆ ಎಲ್ಲರೆದುರು ತಾನು ಅಲುಗಾಡುವುದು ಅವಮಾನವೆನಿಸಿತ್ತು. ಸಂಜೆಗೆ ಮಂಡಿ ಊದಿಕೊಂಡಿತು. ಮಂಡಿಯೊಳಗಿನ ಮೃದ್ವಸ್ಥಿಯ ಗಾದಿಗೆ ಪೆಟ್ಟಾಗಿದೆಯೆಂದು ಮೂಳೆ ತಜ್ಞರು ಹೇಳಿದರು. ಮೂರು ತಿಂಗಳು ನಾನು ಮನೆಯ ಮಹಡಿ ಹತ್ತಲಿಲ್ಲ.

ಆ ಮೂರು ತಿಂಗಳಲ್ಲಿ ನಾನು ಕಲಿತ ಮುಖ್ಯ ಪಾಠವಿಷ್ಟು. ಮಂಡಿಯು ಬಾಗಿಲ ತಿರುಗಣೆಯಂಥ ಕೀಲು, ಮುಖ್ಯವಾಗಿ ಮಡಿಚಿ ಬಿಡಿಸುವುದಕ್ಕೆ ಇರುವಂಥದು. ತಿರುಚುವುದಕ್ಕೆ ಅದರಲ್ಲಿರುವ ಅವಕಾಶ ಅತ್ಯಲ್ಪ. ಎಲ್ಲ ದಿಕ್ಕಿಗೂ ತಿರುಗಬಲ್ಲದ್ದು ಬಟ್ಟಲಲ್ಲಿ ಗುಂಡು ಕೂತಂತಿರುವ ಸೊಂಟದ ಕೀಲು. ಹಂಸದಲ್ಲಾಗಲಿ, ಪದ್ಮಾಸನದಂತೆ ಕಾಲು ಮಡಿಚುವ ಯಾವುದೇ ಭಂಗಿಯಲ್ಲಾಗಲಿ, ಸೊಂಟ ತಿರುಗಲಾರದೆ ನಿಂತಾಗ ಉಳಿದ ತಿರುವಿನ ಸಾಲವನ್ನು ಮಂಡಿ ತೀರಿಸಬೇಕಾಗುತ್ತದೆ. ಆದ್ದರಿಂದ ಎಳೆತವು ಪೃಷ್ಠದ ಹೊರಬದಿಯಲ್ಲಿ ಅಥವಾ ತೊಡೆಯ ದಪ್ಪ ಭಾಗದಲ್ಲಿ ಅನುಭವಕ್ಕೆ ಬಂದರೆ ಭಂಗಿ ಸರಿಯಿದೆ. ಮಂಡಿಯಲ್ಲಿ ಏನೇ ಅನಿಸಿದರೂ, ಅದು ನೋವಲ್ಲದ ಬರಿಯ ಬಿಗಿತವಾದರೂ, ಕೂಡಲೇ ಹೊರಬರಬೇಕು. ಹಂಸದ ಬದಲಿಗೆ ಅಂಗಾತ ಮಲಗಿ, ಒಂದು ಪಾದದ ಗಿಣ್ಣನ್ನು ಇನ್ನೊಂದು ತೊಡೆಯ ಮೇಲಿಟ್ಟು, ಆ ತೊಡೆಯನ್ನು ಎದೆಯ ಕಡೆಗೆ ಮೆಲ್ಲನೆ ತಂದುಕೊಂಡರೆ ಸೊಂಟದ ಅದೇ ಜಾಗಕ್ಕೆ ಎಳೆತ ಸಿಗುತ್ತದೆ, ಮೈಯ ಭಾರ ಮಂಡಿಯ ಮೇಲೆ ಬೀಳುವುದಿಲ್ಲ. ಕೈ ತಲುಪದವರು ತೊಡೆಯ ಹಿಂದೆ ಟವೆಲ್ ಹಾಕಿ ಹಿಡಿದುಕೊಳ್ಳಬಹುದು. ಅದೂ ಕಷ್ಟವಾದರೆ ಕೆಳಗಿನ ಪಾದವನ್ನು ಗೋಡೆಗೆ ಊರಿ ಹಾಗೆಯೇ ಮಲಗಬಹುದು. ನೆಲಕ್ಕೆ ಇಳಿಯಲಾರದವರು ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಗಿಣ್ಣನ್ನು ಎದುರು ತೊಡೆಯ ಮೇಲಿಟ್ಟುಕೊಂಡರೂ ಅದೇ ಭಂಗಿ. ಹಂಸವನ್ನೇ ಮಾಡಬೇಕೆನ್ನುವವರು ಮಡಿಚಿದ ಕಾಲಿನ ಕಡೆಯ ಪೃಷ್ಠದಡಿಗೆ ಗಟ್ಟಿ ದಿಂಬನ್ನು ಇಟ್ಟು, ಹಿಮ್ಮಡಿಯನ್ನು ತೊಡೆಸಂದಿನ ಹತ್ತಿರಕ್ಕೆ ತಂದುಕೊಳ್ಳಲಿ. ಮುಂಗಾಲು ಚಾಪೆಯ ಅಂಚಿಗೆ ಸಮಾನಾಂತರವಾಗಿ ಇರಲೇಬೇಕೆಂಬ ಶಾಸ್ತ್ರ ಎಲ್ಲೂ ಇಲ್ಲ.

ಜೀನಿನ ಭಂಗಿ, ಎಂದರೆ ವಜ್ರಾಸನದಂತೆ ಕುಳಿತು ಹಿಂದಕ್ಕೆ ಮಲಗುವುದು, ಮಂಡಿಯ ಮಟ್ಟಿಗೆ ಇದಕ್ಕಿಂತ ಕಠಿಣ. ಮಂಡಿ ಸವೆತವಿರುವವರು ಇದರ ಗೊಡವೆಗೇ ಹೋಗದಿರುವುದು ಲೇಸು. ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆಯಾದವರು ಎಷ್ಟು ಮಡಿಚಬಹುದೆಂಬುದನ್ನು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಂದಲೇ ಕೇಳಿ ತಿಳಿಯಬೇಕು, ಯೋಗ ಶಿಕ್ಷಕರಿಂದಲ್ಲ. ತೊಡೆಯ ಮುಂಭಾಗದ ಎಳೆತವಷ್ಟೇ ಬೇಕಿದ್ದರೆ, ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ಹಿಂದಕ್ಕೆ ಮಡಿಚಿ, ಪಾದಕ್ಕೆ ಹಳೆಯ ದುಪಟ್ಟಾ ಹಾಕಿ ಹಿಡಿದುಕೊಂಡರೆ ಸಾಕಾಗುತ್ತದೆ. ವಜ್ರಾಸನದಂಥ ಭಂಗಿಯಲ್ಲಿ ಬಹಳ ಹೊತ್ತು ಕುಳಿತವರಿಗೆ ಮಂಡಿಯ ಹೊರಬದಿಯಲ್ಲಿ ಹಾದುಹೋಗುವ ನರ ಒತ್ತಿಹೋಗಿ, ನಡೆಯುವಾಗ ಪಾದದ ಮುಂಭಾಗವನ್ನು ಎತ್ತಲಾಗದೆ ಎಳೆದುಕೊಂಡು ಹೋಗುವ ಸ್ಥಿತಿ ಬಂದದ್ದು ವೈದ್ಯಕೀಯ ದಾಖಲೆಗಳಲ್ಲಿದೆ. ಕಾಲು ಜೋಮು ಹಿಡಿದರೆ ಹಿಡಿಯಲಿ, ಆಮೇಲೆ ಬಿಡುತ್ತದೆ ಎಂಬ ನಮ್ಮ ವಾಡಿಕೆಯ ಧೋರಣೆ ಇಲ್ಲಿ ನಡೆಯದು. ಮಂದವಾಗಿ, ಅಗಲವಾಗಿ ಹರಡಿದ ಎಳೆತವನ್ನು ಸಹಿಸಬಹುದು. ಚುಚ್ಚು, ಉರಿ, ಶಾಕ್ ಹೊಡೆದಂಥ ಚಳುಕು, ಜೋಮು ಇವುಗಳಲ್ಲಿ ಯಾವುದು ಬಂದರೂ ಗಡಿಯಾರವನ್ನು ನೋಡದೆ ಎದ್ದುಬಿಡಬೇಕು.

ಇಲ್ಲೇ ಸಕ್ಕರೆ ಕಾಯಿಲೆಯ ಮಾತನ್ನೂ ಹೇಳಬೇಕು, ಏಕೆಂದರೆ ನಮ್ಮ ಗುಂಪಿನಲ್ಲಿ ಅದಿಲ್ಲದವರನ್ನು ಎಣಿಸುವುದೇ ಸುಲಭ. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ಮಂಕಾಗಿದ್ದರೆ, ಮೇಲೆ ಹೇಳಿದ ಎಚ್ಚರಿಕೆಯ ಗಂಟೆ ಅವರಿಗೆ ಕೇಳಿಸುವುದೇ ಇಲ್ಲ. ಅಂಥವರಿಗೆ "ನೋವಾದರೆ ಬಿಡಿ" ಎಂಬ ಸೂಚನೆಯಿಂದ ಉಪಯೋಗವಿಲ್ಲ. ಅವರಿಗೆ ಸಮಯವನ್ನೇ ಒಂದೆರಡು ನಿಮಿಷಕ್ಕೆ ಇಳಿಸಬೇಕು, ಗಿಣ್ಣಿನ ಅಡಿಗೆ ಮೆತ್ತನೆಯ ಬಟ್ಟೆ ಹಾಕಬೇಕು, ಎದ್ದ ಮೇಲೆ ಪಾದದಲ್ಲಿ ಕೆಂಪು ಗುರುತೇನಾದರೂ ಉಳಿದಿದೆಯೇ ಎಂದು ಕಣ್ಣಿನಿಂದಲೇ ನೋಡಿಕೊಳ್ಳಲು ಹೇಳಬೇಕು.

ಬೆನ್ನಿನ ವಿಚಾರಕ್ಕೆ ಬಂದರೆ, ತಮ್ಮ ಚಿತ್ರದಲ್ಲಿದ್ದ ಕಂಬಳಿಹುಳು ಭಂಗಿಯಲ್ಲಿ ಬೆನ್ನನ್ನು ಗುಂಡಗೆ ಬಿಟ್ಟು ಮುಂದಕ್ಕೆ ಜೋತುಬೀಳಬೇಕಾಗುತ್ತದೆ. ಆರೋಗ್ಯವಂತ ಬೆನ್ನಿಗೆ ಅದರಿಂದ ಬಾಧೆಯಿಲ್ಲ. ಆದರೆ ಮೂಳೆ ಟೊಳ್ಳಾದವರಲ್ಲಿ ಹೀಗೆ ಬಾಗಿದಾಗ ಬೆನ್ನೆಲುಬಿನ ಕಶೇರುಮಣಿಗಳ ಮುಂಭಾಗದ ಮೇಲೆ ಒತ್ತಡ ಬಿದ್ದು ಅವು ಕುಸಿಯುವ ಸಂಭವವಿದೆ. ಡಿಸ್ಕ್ ಜಾರಿದವರಲ್ಲಿ ಅದು ಹಿಂದಕ್ಕೆ, ನರದ ಕಡೆಗೆ ಇನ್ನಷ್ಟು ತಳ್ಳಲ್ಪಡಬಹುದು. ಸಯಾಟಿಕಾ ಇರುವವರಲ್ಲಿ ಮೊದಲೇ ಕೆರಳಿರುವ ನರವನ್ನು ಐದು ನಿಮಿಷ ಎಳೆದು ಹಿಡಿದಂತಾಗುತ್ತದೆ. ನಾನು ಆ ಇಬ್ಬರಿಗೂ ಗೋಡೆಯ ಪಕ್ಕ ಅಂಗಾತ ಮಲಗಿ ಕಾಲುಗಳನ್ನು ಗೋಡೆಗೆ ಆನಿಸಿ ಮೇಲೆತ್ತಲು ಹೇಳಿದೆ. ಬೆನ್ನು ಪೂರ್ತಿ ನೆಲಕ್ಕಿರುತ್ತದೆ, ತೊಡೆಯ ಹಿಂಬದಿಗೆ ಎಳೆತವೂ ಸಿಗುತ್ತದೆ. ನರ ಎಳೆದಂತಾದರೆ ಪೃಷ್ಠವನ್ನು ಗೋಡೆಯಿಂದ ಒಂದು ಗೇಣು ಹಿಂದಕ್ಕೆ ತಂದು ಮಂಡಿಯನ್ನು ಸ್ವಲ್ಪ ಮಡಿಚಬೇಕು, ಅಷ್ಟೇ. ಬೆನ್ನಿನ ತೊಂದರೆಯಿಲ್ಲದಿದ್ದರೂ ತೊಡೆಯ ಹಿಂಬದಿ ಬಿಗಿಯಾಗಿರುವ ಗಂಡಸರು, ನಮ್ಮಲ್ಲಿಗೆ ಬರುವ ನಿವೃತ್ತ ನೌಕರರೆಲ್ಲ ಈ ಗುಂಪಿಗೇ ಸೇರಿದವರು, ಮಡಿಚಿದ ಕಂಬಳಿಯ ಅಂಚಿನ ಮೇಲೆ ಕುಳಿತು, ಮಂಡಿಗಳ ಅಡಿಗೆ ದಿಂಬು ಕೊಟ್ಟು, ಸೊಂಟದಿಂದಲೇ ಬಾಗಬೇಕು. ತಲೆಯನ್ನು ಗಾಳಿಯಲ್ಲಿ ಜೋತುಬಿಡದೆ ಸ್ಟೂಲಿನ ಮೇಲಿನ ದಿಂಬಿಗೆ ಆನಿಸಿದರೆ ಕತ್ತಿನ ಹಿಂಭಾಗಕ್ಕೆ ಬಿಡುವು ಸಿಗುತ್ತದೆ. ರಕ್ತದೊತ್ತಡ ಹತೋಟಿಯಲ್ಲಿಲ್ಲದವರು, ಕಣ್ಣಿನ ಗ್ಲಾಕೋಮಾ ಇರುವವರು ತಲೆಯು ಎದೆಗಿಂತ ಕೆಳಗೆ ಹೋಗುವ ಭಂಗಿಗಳನ್ನು ಬಿಟ್ಟುಬಿಡಬೇಕು.

ಹಿಂದಕ್ಕೆ ಬಾಗುವ ಭಂಗಿಗಳಲ್ಲಿ, ಬೋರಲು ಮಲಗಿ ಮೊಣಕೈ ಊರಿ ಎದೆಯೆತ್ತುವ ಸಿಂಹನಾರಿ ಭಂಗಿ ಒಂದೇ ನಾನು ಸಾಮಾನ್ಯವಾಗಿ ಕಲಿಸುವುದು. ಕೆಳಬೆನ್ನಿನಲ್ಲಿ ಚಿವುಟಿದಂತಾದರೆ ಮೊಣಕೈಗಳನ್ನು ಮುಂದಕ್ಕೆ ಸರಿಸಬೇಕು, ಆಗಲೂ ಹೋಗದಿದ್ದರೆ ಎದೆಯ ಕೆಳಗೆ ದಿಂಬಿಟ್ಟು ಅದರ ಮೇಲೆ ಮಲಗಿಬಿಡಬೇಕು. ಬೆನ್ನುಹುರಿಯ ನಾಳ ಕಿರಿದಾಗಿದೆಯೆಂದು, ಇಲ್ಲವೇ ಕಶೇರುಮಣಿ ಮುಂದಕ್ಕೆ ಜಾರಿದೆಯೆಂದು ಸ್ಕ್ಯಾನಿಂಗ್ ವರದಿಯಲ್ಲಿ ಇರುವವರಿಗೆ ಹಿಂದಕ್ಕೆ ಬಾಗುವುದು ಹಿತವಲ್ಲ.

ಬೇಲೂರಿನ ಮದನಿಕೆಯರನ್ನು ನೋಡಿ ಬೆಳೆದ ಜಿಲ್ಲೆಯವರಾದ ನಮಗೆ, ಮನಸ್ಸು ಮಾಡಿದರೆ ದೇಹ ಹೇಗೆ ಬೇಕಾದರೂ ಬಳುಕುತ್ತದೆಂಬ ಭ್ರಮೆ ಸಹಜವೇನೋ. ಶಿಲ್ಪಿಯ ಕೈಯಲ್ಲಿ ಬಳಪದ ಕಲ್ಲು ಬಳುಕೀತು. ಬೆಳೆದು ನಿಂತ ನಮ್ಮ ಮೂಳೆಗಳ ಆಕಾರ ಆಸನದಿಂದ ಬದಲಾಗುವುದಿಲ್ಲ. ತೊಡೆಮೂಳೆಯ ಕತ್ತು ಯಾವ ಕೋನದಲ್ಲಿದೆ, ಸೊಂಟದ ಬಟ್ಟಲು ಮುಂದಕ್ಕೆ ತೆರೆದಿದೆಯೋ ಪಕ್ಕಕ್ಕೋ, ಎಷ್ಟು ಆಳವಿದೆ ಎಂಬುದು ಒಬ್ಬರಿಂದೊಬ್ಬರಿಗೆ ಬೇರೆ. ಪಾಲ್ ಗ್ರಿಲ್ಲಿಯವರು ಬೇರೆ ಬೇರೆ ಜನರ ಮೂಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ಒತ್ತಿ ಹೇಳಿದ ಸಂಗತಿ ಇದೇ. ಎಳೆತದಿಂದ ನಿಂತ ಭಂಗಿ ಅಭ್ಯಾಸದಿಂದ ಮುಂದುವರಿಯಬಹುದು. ಮೂಳೆಗೆ ಮೂಳೆ ತಾಗಿ ನಿಂತ ಭಂಗಿ ಎಷ್ಟು ವರ್ಷ ಕಳೆದರೂ ಅಲ್ಲೇ ನಿಲ್ಲುತ್ತದೆ, ಒತ್ತಿದರೆ ಕೀಲು ಸವೆಯುತ್ತದೆ. ಚಿಟ್ಟೆಯ ಭಂಗಿಯಲ್ಲಿ ಒಬ್ಬರ ಮಂಡಿ ನೆಲ ಮುಟ್ಟಿದರೆ ಪಕ್ಕದವರ ಮಂಡಿ ಒಂದು ಗೇಣು ಮೇಲೆಯೇ ಇರುತ್ತದೆ, ಇಬ್ಬರ ಶ್ರದ್ಧೆಯೂ ಒಂದೇ ಆಗಿರಬಹುದು. ಮೇಲೆ ನಿಂತ ಮಂಡಿಯನ್ನು ಕೈಯಿಂದ ಅದುಮುವ ಬದಲು ಅದರ ಕೆಳಗೆ ದಿಂಬನ್ನು ತುರುಕಬೇಕು. ಆಸರೆ ಸಿಕ್ಕ ಮೇಲೆಯೇ ತೊಡೆಯ ಒಳಭಾಗದ ಸ್ನಾಯು ಬಿಗಿಯನ್ನು ಬಿಡುವುದು. ಸೊಂಟದ ಕೀಲು ಬದಲಾಯಿಸಿಕೊಂಡವರು ಕಾಲಮೇಲೆ ಕಾಲು ಹಾಕುವ, ತೊಡೆಯನ್ನು ಎದೆಗೆ ಬಹಳ ಹತ್ತಿರ ತರುವ ಭಂಗಿಗಳ ಬಗ್ಗೆಯೂ ವೈದ್ಯರನ್ನೇ ಕೇಳಬೇಕು.

ಇದಕ್ಕೆ ತದ್ವಿರುದ್ಧವಾದ ದೇಹಗಳೂ ಇವೆ, ಅವರ ಬಗ್ಗೆ ಯಾರೂ ಚಿಂತಿಸುವುದಿಲ್ಲ. ಭರತನಾಟ್ಯ ಕಲಿತ ಹುಡುಗಿಯೊಬ್ಬಳು ನಮ್ಮಲ್ಲಿಗೆ ರಜೆಯಲ್ಲಿ ಬರುತ್ತಾಳೆ; ಹೆಬ್ಬೆರಳನ್ನು ಮುಂಗೈಗೆ ತಾಗಿಸುತ್ತಾಳೆ, ಮೊಣಕೈ ಹಿಂದಕ್ಕೆ ಬಾಗುತ್ತದೆ. ಪುರವಣಿಯ ಚಿತ್ರದ ಭಂಗಿ ಅವಳಿಗೆ ನೀರು ಕುಡಿದಷ್ಟು ಸಲೀಸು, ಆದ್ದರಿಂದಲೇ ಅದು ಅವಳಿಗೆ ಬೇಡವಾದದ್ದು. ಕೀಲು ಮೊದಲೇ ಸಡಿಲವಿರುವವರು ತಮ್ಮ ಮಿತಿಗಿಂತ ಸಾಕಷ್ಟು ಮೊದಲೇ ನಿಲ್ಲಬೇಕು, ಕಡಿಮೆ ಹೊತ್ತು ಇರಬೇಕು, ಸ್ನಾಯುಬಲ ಹೆಚ್ಚಿಸುವ ಅಭ್ಯಾಸಕ್ಕೆ ಹೆಚ್ಚು ಸಮಯ ಕೊಡಬೇಕು. ಬಸುರಿಯರಲ್ಲಿ ರಿಲ್ಯಾಕ್ಸಿನ್ ಎಂಬ ಹಾರ್ಮೋನು ಅಸ್ಥಿರಜ್ಜುಗಳನ್ನು ಸಡಿಲಗೊಳಿಸಿರುವುದರಿಂದ ಅವರಿಗೂ ಇದೇ ಮಾತು ಅನ್ವಯಿಸುತ್ತದೆ. ಅವರು ಬೋರಲು ಮಲಗುವಂತಿಲ್ಲ; ಐದು ತಿಂಗಳು ತುಂಬಿದ ಮೇಲೆ ಬಹಳ ಹೊತ್ತು ಅಂಗಾತ ಮಲಗುವುದೂ ಸಲ್ಲದು, ಎಡ ಮಗ್ಗುಲಿಗೆ ಮಲಗಿ ಮಂಡಿಗಳ ನಡುವೆ ದಿಂಬಿಟ್ಟುಕೊಳ್ಳಬೇಕು. ಯಾವುದಕ್ಕೂ ಮೊದಲು ಪ್ರಸೂತಿ ವೈದ್ಯರ ಒಪ್ಪಿಗೆ ಬೇಕು.

ಭಂಗಿಯಿಂದ ಹೊರಬರುವ ಕ್ರಮವನ್ನು ಹೆಚ್ಚಿನ ಬರಹಗಳು ಹೇಳುವುದೇ ಇಲ್ಲ. ಐದು ನಿಮಿಷ ಜಗ್ಗಿದ ಕೀಲು ಆ ಕ್ಷಣಕ್ಕೆ ತುಸು ದುರ್ಬಲವಾಗಿರುತ್ತದೆ. ಎದ್ದಾಗ ಇದ್ದಕ್ಕಿದ್ದಂತೆ ಮುಪ್ಪು ಬಂದವರಂತೆ ಅನಿಸುವುದು ಅದಕ್ಕೇ. ಕೈಯಿಂದ ಮಂಡಿಯನ್ನು ಹಿಡಿದು ಎತ್ತಿ ಕಾಲನ್ನು ಬಿಡಿಸಬೇಕು, ಒಂದು ನಿಮಿಷ ಸುಮ್ಮನೆ ಮಲಗಬೇಕು, ಆಮೇಲಷ್ಟೇ ಮುಂದಿನ ಭಂಗಿ. ಫೋನ್ ಬಾರಿಸಿತೆಂದು ಧಡಕ್ಕನೆ ಎದ್ದು ಓಡಿದವರೊಬ್ಬರು ನಮ್ಮಲ್ಲೇ ಸೊಂಟ ಹಿಡಿದುಕೊಂಡಿದ್ದಾರೆ. ಅಂದಿನಿಂದ ಫೋನುಗಳೆಲ್ಲ ಬಾಗಿಲ ಬಳಿಯ ಬುಟ್ಟಿಯಲ್ಲಿ. ಅಲುಗಾಡದೆ ಇರುವಾಗ ಮೈ ಬೇಗ ತಣ್ಣಗಾಗುವುದರಿಂದ, ಮಲೆನಾಡಿನ ಸೆರಗಿನ ಈ ಊರುಗಳಲ್ಲಿ ಮಳೆಗಾಲ ಮತ್ತು ಚಳಿಗಾಲದ ಬೆಳಗಿನ ಹೊತ್ತು ಕಾಲುಚೀಲ, ಶಾಲು, ಚಾಪೆಯ ಕೆಳಗೊಂದು ಜಮಖಾನ ಇರಲೇಬೇಕು. ನಾನು ಈ ಅಭ್ಯಾಸವನ್ನು ಈಗ ಸಂಜೆಗೆ ಬದಲಾಯಿಸಿದ್ದೇನೆ. ಬೆಳಗಿನ ಬಿಗಿತ ಕಳೆದು ಮೈ ಸಡಿಲವಾಗಿರುವ ಹೊತ್ತು ಅದು, ಊಟ ತಿಂಡಿಯಾಗಿ ಮೂರು ಗಂಟೆಯಾದರೂ ಕಳೆದಿದ್ದರೆ ಸಾಕು.

ದಿಂಬಿಗೆ, ಇಟ್ಟಿಗೆಗೆ ಸಾವಿರಾರು ರೂಪಾಯಿ ಸುರಿಯಬೇಕಾಗಿಲ್ಲ. ಊಟಕ್ಕೆ ಕೂರುವ ಮಣೆಯ ಮೇಲೆ ಟವೆಲ್ ಹೊದಿಸಿದರೆ ಪೃಷ್ಠಕ್ಕೆ ಎತ್ತರ ಸಿಕ್ಕಿತು. ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿದರೆ ಪಟ್ಟಿಯಾಯಿತು. ಎರಡು ಕಂಬಳಿಗಳನ್ನು ಬಿಗಿಯಾಗಿ ಸುತ್ತಿ ದಾರ ಕಟ್ಟಿದರೆ ಅದೇ ಉರುಳು ದಿಂಬು. ಸಕಲೇಶಪುರದ ಕಡೆಯಿಂದ ಬರುವ ನಮ್ಮ ಸದಸ್ಯೆಯೊಬ್ಬರು ತೋಟದ ಗೋಣಿಚೀಲಕ್ಕೆ ಹಳೆಬಟ್ಟೆ ತುಂಬಿ ಹೊಲಿದು ತಂದ ದಿಂಬು, ನಾನು ಬೆಂಗಳೂರಿನಿಂದ ತರಿಸಿದ ದುಬಾರಿ ದಿಂಬಿಗಿಂತ ಗಟ್ಟಿಯಾಗಿದೆ. ಅಂದಹಾಗೆ, ಕಾಫಿ ಕುಯ್ಲಿನಲ್ಲಿ ದಿನವಿಡೀ ಕೈಯೆತ್ತಿ ಗಿಡ ಬಗ್ಗಿಸಿ ದುಡಿದು, ಉದುರಿದ ಹಣ್ಣನ್ನು ಬಾಗಿ ಆಯುವ ಹೆಂಗಸರಿಗೆ ಸಂಜೆಯ ಹೊತ್ತು ಮತ್ತೆ ಮುಂದಕ್ಕೆ ಬಾಗುವ ಭಂಗಿಗಳನ್ನು ಮಾಡಿಸುವುದರಲ್ಲಿ ಅರ್ಥವಿಲ್ಲ; ಅವರಿಗೆ ಗೋಡೆಗೆ ಕಾಲಿಟ್ಟು ಮಲಗುವುದು, ಎದೆಯಡಿಗೆ ದಿಂಬಿಟ್ಟು ಬೋರಲಾಗುವುದು ಇವೆರಡೇ ಬೇಕಾದಷ್ಟಾಯಿತು.

ಶಿಕ್ಷಕರಲ್ಲಿ ನನ್ನ ಕೋರಿಕೆ ಎರಡೇ. ತರಗತಿಗೆ ಸೇರಿಸಿಕೊಳ್ಳುವ ಮುನ್ನ ಶುಲ್ಕದ ಜೊತೆಗೆ ಮಂಡಿ, ಸೊಂಟ, ಬೆನ್ನು, ಬಿ.ಪಿ., ಸಕ್ಕರೆ, ಕಣ್ಣು, ಶಸ್ತ್ರಚಿಕಿತ್ಸೆ, ಬಸಿರು ಇವುಗಳನ್ನು ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಕೇಳಿ ಬರೆದಿಟ್ಟುಕೊಳ್ಳಬೇಕು. ಎಲ್ಲರೆದುರು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಎರಡನೆಯದಾಗಿ, ಯಿನ್ ಭಂಗಿಯಲ್ಲಿರುವವರ ಮೈಯನ್ನು ಯಾವ ಕಾರಣಕ್ಕೂ ಒತ್ತಬಾರದು, ಎಳೆಯಬಾರದು. ಸ್ನಾಯು ಸಡಿಲಬಿಟ್ಟು ಮಲಗಿದ ದೇಹಕ್ಕೆ ಅದನ್ನು ತಡೆಯುವ ಶಕ್ತಿ ಆ ಹೊತ್ತಿನಲ್ಲಿ ಇರುವುದಿಲ್ಲ, ಮತ್ತು ನನ್ನಂಥ ಸಂಕೋಚದವರು ಬೇಡವೆನ್ನುವುದೂ ಇಲ್ಲ. ಈ ಭಂಗಿ ಪಿತ್ತಕೋಶವನ್ನು ಶುದ್ಧಿ ಮಾಡುತ್ತದೆ, ಆ ಭಂಗಿ ಮೂತ್ರಪಿಂಡವನ್ನು ಬಲಪಡಿಸುತ್ತದೆ ಎಂಬ ಮಾತುಗಳನ್ನು ಸ್ವಲ್ಪ ಹಿಡಿತದಲ್ಲಿಟ್ಟರೆ ಒಳಿತು. ಅಂಥ ಭರವಸೆ ಕೇಳಿದವರೇ ನೋವನ್ನು ನುಂಗಿಕೊಂಡು ಕೂರುವುದು.

ಇನ್ನು ತಮ್ಮಲ್ಲಿ ಒಂದು ವಿನಂತಿ. ಜೂನ್ 21ರ ಯೋಗ ದಿನದ ಹೊತ್ತಿಗೆ ಪ್ರತಿ ವರ್ಷವೂ ತಮ್ಮ ಪತ್ರಿಕೆಯಲ್ಲಿ ಆಸನಗಳ ಚಿತ್ರಗಳು ಬರುತ್ತವೆ. ಮುಂದಿನ ಬಾರಿ ಯಾವುದೇ ಭಂಗಿಯ ಚಿತ್ರ ಹಾಕುವಾಗ, ಅದರ ಪಕ್ಕದಲ್ಲೇ ಅದೇ ಅಳತೆಯಲ್ಲಿ, ಅರವತ್ತು ದಾಟಿದ ಸಾಮಾನ್ಯ ಮೈಕಟ್ಟಿನ ಒಬ್ಬರು ಮಂಡಿಯಡಿಗೆ ದಿಂಬಿಟ್ಟುಕೊಂಡು ಅದನ್ನೇ ಮಾಡುತ್ತಿರುವ ಚಿತ್ರವನ್ನೂ ಹಾಕಬೇಕು. ರೂಪದರ್ಶಿ ಸಿಗುವುದು ಕಷ್ಟವಾದರೆ ನಮ್ಮ ಗುಂಪಿನಲ್ಲಿ ಹನ್ನೊಂದು ಮಂದಿ ಸಿದ್ಧರಿದ್ದಾರೆ. ಪುಟವನ್ನು ಮಡಿಚಿಕೊಂಡು ಬಂದ ಇಬ್ಬರೂ ಅದರಲ್ಲಿ ಸೇರಿದ್ದಾರೆ, ಮಣೆಯನ್ನೂ ಕಂಬಳಿಯನ್ನೂ ಅವರೇ ತರುತ್ತಾರಂತೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕಿ,
ಹಾಸನ